ಕಾಯಬೇಕೇ ಎಂದು ಕೇಳಿದವರ ಯಂತ್ರಕ್ಕೆ ಅಂಗೈ ಹಿಡಿಯುವ ಡೋರೀನ್

ರಾತ್ರಿ ಹನ್ನೆರಡು ದಾಟಿ ಹತ್ತು ನಿಮಿಷ. ಲೈಲ್ ಬ್ರೆಕ್ಕೆ ಅವರ ಮನೆಯ ನೆಲಮಾಳಿಗೆಯಲ್ಲಿ ಟಿಕ್ ಎಂದು ಒಂದು ಸಣ್ಣ ಸದ್ದು. ಅದರ ಬೆನ್ನಿಗೇ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕಂಪ್ಯೂಟರಿನ ಫ್ಯಾನಿನ ಸ್ವರ. ಮಡಚುವ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕುಳಿತ ಡೋರೀನ್ ಹ್ಯಾಲ್ವರ್ಸನ್ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಆ ಸ್ವರ ಏರಿ ಏರಿ ಅರಚಾಟವಾಗುತ್ತದೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಶಾಖ ನೂರು ಡಿಗ್ರಿ ಎಂದು ಕೆಂಪಕ್ಷರ ಮೂಡುತ್ತದೆ.

"ನೋಡಿದ್ಯಾ ಹುಡುಗಿ?" ಎನ್ನುತ್ತಾರೆ ಬೆನ್ನ ಹಿಂದೆ ನಿಂತ ಲೈಲ್. ಅವರಿಗೆ ಎಪ್ಪತ್ತೊಂಬತ್ತು. ಐವತ್ತೆಂಟರ ಡೋರೀನ್ ಅವರಿಗೆ ಇನ್ನೂ ಹುಡುಗಿಯೇ. "ಈ ತಲೆಮಾರಿನ ಚಿಪ್ಪೇ ಹೀಗೆ, ಬಿಸಿ ಜಾತಿ. ಎಲ್ಲರೂ ಬರ್ದಿದಾರೆ. ಫೆಬ್ರವರೀಲಿ ಬರೋದು ತಣ್ಣಗಿರುತ್ತಂತೆ. ನಲವತ್ತು ಪರ್ಸೆಂಟ್ ಜೋರಂತೆ."

"ಮೇಷ್ಟ್ರೇ, ನೀವು ಹೋಗಿ ಮಲಕ್ಕೊಳ್ಳಿ."

"ನಂಗೆ ನಿದ್ದೆ ಬರಲ್ಲ."

"ನೀವು ಹಿಂಗೆ ಹಿಂದೆ ನಿಂತಿದ್ರೆ ನಂಗೆ ಕೆಲ್ಸ ಬರಲ್ಲ."

ಅವರು ಗೊಣಗುತ್ತ ಮೆಟ್ಟಿಲು ಹತ್ತುತ್ತಾರೆ. ಡೋರೀನ್ ಒಬ್ಬರೇ ಉಳಿಯುತ್ತಾರೆ. ಬೆಳಗಿನ ಐದು ಗಂಟೆಗೆ ಇನ್ನು ಐದು ಗಂಟೆಯೂ ಉಳಿದಿಲ್ಲ. ಈ ಯಂತ್ರಕ್ಕೆ ಬೇಕಾಗಿರುವುದು ಆರು.

ಮೊಂಟಾನಾದ ಲಾರ್ಚ್ ಫೋರ್ಕ್ ಎಂಬ ಊರಿನಲ್ಲಿ ಕಂಪ್ಯೂಟರ್ ಕೆಟ್ಟವರು ಹೋಗುವುದು ದನದ ಮೇವು, ಬೇಲಿ ತಂತಿ, ರಬ್ಬರ್ ಬೂಟು ಮಾರುವ ಅಂಗಡಿಗೆ. ಮೇವಿನ ಮೂಟೆಗಳನ್ನು ದಾಟಿದರೆ ಹಿಂಭಾಗದಲ್ಲಿ ಒಂದು ಉದ್ದನೆಯ ಮೇಜು, ಕುತ್ತಿಗೆ ಬಾಗಿಸಿದ ದೀಪ, ಭೂತಗನ್ನಡಿ. ಡೋರೀನ್ ಅಲ್ಲಿಗೆ ಬರುವುದು ಬೆಳಿಗ್ಗೆ ಐದೂವರೆಗೆ. ಆರಕ್ಕೆ ರೈತರು ಮೇವಿಗೆ ಬರುತ್ತಾರೆ, ಬರುವಾಗ ಕಂಕುಳಲ್ಲಿ ಕೆಟ್ಟ ಲ್ಯಾಪ್‌ಟಾಪನ್ನೂ ತರುತ್ತಾರೆ. ದಿನಕ್ಕೆ ಎಂಟೋ ಒಂಬತ್ತೋ ಯಂತ್ರ. ವಾರಕ್ಕೆ ಆರು ದಿನ. ಹೀಗೆ ಇಪ್ಪತ್ತೆರಡು ವರ್ಷ.

ಅದಕ್ಕೂ ಮುಂಚೆ ಅವರು ಊರಿನ ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸುತ್ತಿದ್ದರು. ಕಚೇರಿ ಮುಚ್ಚಿದಾಗ ಮೂವತ್ತನಾಲ್ಕು ವಯಸ್ಸು. ಅರವತ್ತು ಮೈಲಿ ಆಚೆಯ ಕಾಲೇಜಿನ ಸಂಜೆ ತರಗತಿಗೆ ಎರಡು ಚಳಿಗಾಲ ಕಾರು ಓಡಿಸಿದರು. ತರಗತಿಯಲ್ಲಿ ಹೆಂಗಸು ಅವರೊಬ್ಬರೇ. ಅಂಗಡಿಗೆ ಸೇರಿದ ಮೇಲೂ ಬಂದವರು ಮೇಜಿನ ಈ ಬದಿಯಿಂದ ಆ ಬದಿಯವರೆಗೆ ನೋಡಿ, "ರಿಪೇರಿ ಮಾಡೋನು ಎಲ್ಲಿ?" ಎಂದು ಕೇಳುತ್ತಿದ್ದರು. ಹೊಸಬರು ಈಗಲೂ ಕೇಳುವುದುಂಟು.

"ಅವನು ರಜಾ ಹಾಕಿ ಹೋಗಿದಾನೆ," ಎನ್ನುತ್ತಾರೆ ಡೋರೀನ್, ತಲೆ ಎತ್ತದೆ. "ಇಪ್ಪತ್ತೆರಡು ವರ್ಷ ಆಯ್ತು. ಇನ್ನೂ ಬಂದಿಲ್ಲ. ಕಾಯ್ತೀರಾ?"

ಚಳಿಗಾಲದ ಒಣ ಗಾಳಿಗೆ ಅವರ ಬೆರಳ ತುದಿಗಳು ಸೀಳುತ್ತವೆ. ಸೀಳಿದಲ್ಲಿ ಟೇಪು ಸುತ್ತಿಕೊಂಡು ಕೆಲಸ ಮಾಡುತ್ತಾರೆ. ಸಾಸಿವೆ ಗಾತ್ರದ ಸ್ಕ್ರೂಗಳು ಆ ಟೇಪಿಗೆ ಅಂಟಿಕೊಂಡು ಕಾಣೆಯಾಗುತ್ತವೆ. ಅದನ್ನು ಹೇಳಿಕೊಂಡು ಅವರೇ ನಗುತ್ತಾರೆ.

ವರ್ಷವಿಡೀ ಅವರ ಮುಂದೆ ಬರುವ ಒಂದು ಪ್ರಶ್ನೆಯಿದೆ. ಈಗ ಕೊಳ್ಳಲೇ, ಹೊಸ ಪ್ರೊಸೆಸರ್ ಬರುವವರೆಗೆ ಕಾಯಲೇ? ಕೇಳುವವರು ಪಟ್ಟಿಗಳನ್ನು ಓದಿಕೊಂಡೇ ಬಂದಿರುತ್ತಾರೆ. ಯಾವುದು ಎಷ್ಟು ಪರ್ಸೆಂಟ್ ವೇಗ ಎಂದು ಬಾಯಿಪಾಠ ಹೇಳುತ್ತಾರೆ. ಡೋರೀನ್ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ, "ನೀವು ಎಲ್ಲಿ ಕೈ ಕಟ್ಟಿ ಕೂತಿರ್ತೀರ, ಅದನ್ನ ಹೇಳಿ," ಎನ್ನುತ್ತಾರೆ.

"ಹೊಸದು ಬರ್ತಾನೇ ಇರುತ್ತೆ. ಬರೋದು ಅದರ ಕೆಲಸ," ಎಂಬುದು ಅವರ ಮಾತು. "ನಿಮ್ಮ ಕೆಲಸ ನಿಂತಿದ್ಯಾ? ನಿಂತಿದ್ರೆ ಇವತ್ತೇ ತಗೊಳ್ಳಿ, ನಾಳೆ ಅದಕ್ಕಿಂತ ಒಳ್ಳೇದು ಬಂದ್ರೆ ಬರ್ಲಿ. ನಿಂತಿಲ್ವಾ? ಹಂಗಾದ್ರೆ ಮನೆಗೆ ಹೋಗಿ."

ಕಾಯಿರಿ ಎಂದು ಹೇಳಿದ್ದೂ ಇದೆ. ಮನೆಗಳ ನಕ್ಷೆ ಬರೆಯುವ ಹೆಣ್ಣುಮಗಳೊಬ್ಬಳು ಹೋದ ವರ್ಷ ಬಂದಿದ್ದಳು. ಅವಳ ಯಂತ್ರ ಇನ್ನೂ ಚೆನ್ನಾಗಿಯೇ ಓಡುತ್ತಿತ್ತು. ಹೊಸ ಪ್ರೊಸೆಸರ್ ಎಂಟೇ ವಾರದಲ್ಲಿ ಬರುವುದಿತ್ತು, ತಾರೀಖು ಗೊತ್ತಾಗಿತ್ತು, ಅದು ಪ್ರೊಸೆಸರ್ ಕೂರಿಸುವ ಹಳೆಯ ಹಲಗೆಗೆ, ಮದರ್‌ಬೋರ್ಡಿಗೆ, ಹೊಂದುವುದಿಲ್ಲ ಎಂಬುದೂ ಗೊತ್ತಾಗಿತ್ತು. ಆಗ ಹಳೆಯದಕ್ಕೆ ದುಡ್ಡು ಹಾಕಿದ್ದರೆ ಮುಂದೆ ಹೊಸದಕ್ಕೆ ಹೋಗುವ ದಾರಿಯೇ ಇರುತ್ತಿರಲಿಲ್ಲ. ಆಕೆ ಕಾದಳು. ಆದರೆ ಕೇಳಿ ಬಂದ ಹತ್ತು ಜನರಲ್ಲಿ ಮೂರು ನಾಲ್ಕು ಜನ ಏನನ್ನೂ ಕೊಳ್ಳದೆ, ಇದ್ದುದನ್ನೇ ಸರಿ ಮಾಡಿಸಿಕೊಂಡು ವಾಪಸು ಹೋಗುತ್ತಾರೆ. "ನೀನು ಮಾರಿದ್ದಕ್ಕಿಂತ ಮಾರದೇ ಕಳ್ಸಿದ್ದೇ ಜಾಸ್ತಿ ಕಣೇ," ಎಂದು ಅಂಗಡಿಯ ಯಜಮಾನರು ರೇಗಿಸುತ್ತಾರೆ. ಕೆಲಸದಿಂದ ತೆಗೆದಿಲ್ಲ.

ಅವರ ಪದ್ಧತಿ ಇನ್ನೊಂದಿದೆ. ಪ್ರಶ್ನೆ ದೊಡ್ಡದಾದರೆ ಮೇಜಿನ ಮೇಲೆ ಉತ್ತರ ಕೊಡುವುದಿಲ್ಲ. ಯಂತ್ರ ಇರುವ ಜಾಗಕ್ಕೇ ಹೋಗಿ, ಅದು ತನ್ನ ನಿಜವಾದ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪರದೆ ನೋಡುವ ಮೊದಲು ಹಿಂದಿನಿಂದ ಬರುವ ಗಾಳಿಗೆ ಅಂಗೈ ಹಿಡಿಯುತ್ತಾರೆ.

ಲೈಲ್ ಮೇಷ್ಟ್ರು ಅಂಗಡಿಗೆ ಬಂದದ್ದು ನವೆಂಬರಿನ ಕೊನೆಯ ಶನಿವಾರ. ಪ್ರಶ್ನೆ ಅದೇ, ಆದರೆ ಅವರ ಮುಖ ಎಂದಿನಂತಿರಲಿಲ್ಲ.

ಲಾರ್ಚ್ ಫೋರ್ಕ್‌ನಿಂದ ಕಣಿವೆ ಹತ್ತಿ ಆಚೆ ಇಳಿಯುವ ರಸ್ತೆ ಮೂವತ್ತನಾಲ್ಕು ಮೈಲಿ. ಆಚೆಯ ಹಟ್ಟಿಗಳ ಹನ್ನೊಂದು ಮಕ್ಕಳು ದಿನಾ ಬೆಳಿಗ್ಗೆ ಆ ರಸ್ತೆಯಲ್ಲಿ ಶಾಲೆಯ ಬಸ್ಸಿನಲ್ಲಿ ಬರುತ್ತಾರೆ. ಹಿಮ ತಳ್ಳುವ ಲಾರಿ ಇರುವುದು ಒಂದೇ. ಅದು ಬೆಳಿಗ್ಗೆ ಐದಕ್ಕೆ ಹೊರಡುವಾಗ ಮೇಲಿನ ಕಣಿವೆಗೋ ಕೆಳಗಿನ ಹೆದ್ದಾರಿಗೋ ಎಂದು ತೀರ್ಮಾನಿಸಬೇಕು. ಎರಡೂ ಕಡೆ ಹೋಗಲು ಹೊತ್ತಿಲ್ಲ. ರೇಡಿಯೋದ ಹವಾಮಾನ ವರದಿ ಇಡೀ ಕೌಂಟಿಗೆ, ಎಂದರೆ ಇಡೀ ಜಿಲ್ಲೆಗೆ, ಸೇರಿಸಿ ಒಂದೇ ಮಾತು ಹೇಳುತ್ತದೆ. ಬೆಟ್ಟದ ಈ ಮಗ್ಗುಲಿಗೆ ಬೀಳುವ ಹಿಮ ಆ ಮಗ್ಗುಲಿಗೆ ಬೀಳುವುದಿಲ್ಲ ಎಂಬುದು ಇಲ್ಲಿನವರಿಗಷ್ಟೇ ಗೊತ್ತು.

ಅದಕ್ಕೇ ಲೈಲ್, ಶಾಲೆಯಿಂದ ನಿವೃತ್ತರಾದ ಮೇಲೆ, ತಾವೇ ಒಂದು ಕಂಪ್ಯೂಟರ್ ಜೋಡಿಸಿದರು. ಮಧ್ಯರಾತ್ರಿಯ ಹೊತ್ತಿಗೆ ಸಿಗುವ ಗಾಳಿ, ತೇವ, ಉಷ್ಣದ ಅಂಕಿಗಳನ್ನು ಅದಕ್ಕೆ ಉಣಿಸಿದರೆ, ಕಣಿವೆಯ ಒಂದೊಂದು ಮೈಲಿಗೂ ಲೆಕ್ಕ ಹಾಕಿ ಎಲ್ಲೆಲ್ಲಿ ಎಷ್ಟು ಹಿಮ ಎಂದು ನಕ್ಷೆ ಕೊಡುತ್ತದೆ. ನಕ್ಷೆ ತಪ್ಪಿದ್ದು ಕಡಿಮೆ. ತೊಂದರೆಯೆಂದರೆ, ಅದು ಮುಗಿಯುವುದು ಆರೂ ಇಪ್ಪತ್ತಕ್ಕೆ.

"ಮೇಷ್ಟ್ರ ನಕ್ಷೆ ನೂರಕ್ಕೆ ನೂರು ಕರೆಕ್ಟು," ಎನ್ನುತ್ತಾರೆ ಲಾರಿ ಓಡಿಸುವ ಡ್ವೇನ್ ಕೋಸ್ಟಿಚ್. "ನಾನು ತಪ್ಪು ರಸ್ತೆ ಹಿಡಿದಿದೀನಿ ಅಂತ ಅರ್ಧ ರಸ್ತೇಲಿ ಕರೆಕ್ಟಾಗಿ ಹೇಳುತ್ತೆ."

ಹಿಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಾಗೆಯೇ ಆಯಿತು. ಡ್ವೇನ್ ಕೆಳಗೆ ಹೋಗಿದ್ದರು, ಹಿಮ ಮೇಲೆ ಬಿದ್ದಿತ್ತು. ಬಸ್ಸು ಜಾರಿ ಚರಂಡಿಗೆ ವಾಲಿಕೊಂಡಿತು. ಹನ್ನೊಂದು ಮಕ್ಕಳು ಆ ಚಳಿಯಲ್ಲಿ ಒಂದೂ ಮುಕ್ಕಾಲು ಗಂಟೆ ಕಾದರು. ಯಾರಿಗೂ ಏನೂ ಆಗಲಿಲ್ಲ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವಾಗ ದನಿ ತಗ್ಗಿಸುತ್ತಾರೆ.

ಕೌಂಟಿ ಮಂಡಳಿ ಈ ಸಲ ಕಡ್ಡಿ ಮುರಿದಂತೆ ಹೇಳಿತ್ತು: ಮಂಗಳವಾರ ಸಭೆ, ಸೋಮವಾರದೊಳಗೆ ಒಂದೇ ಒಂದು ಸಲ ನಕ್ಷೆಯನ್ನು ಐದರ ಒಳಗೆ ತಂದು ತೋರಿಸಿ. ಇಲ್ಲದಿದ್ದರೆ ಚಳಿಗಾಲ ಮುಗಿಯುವವರೆಗೆ ಕಣಿವೆಯ ಬಸ್ಸು ಇಲ್ಲ. ಆ ಮಕ್ಕಳು ವಾರವೆಲ್ಲ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಉಳಿದು ಓದಬೇಕು. ಅವರಲ್ಲಿ ತೀರಾ ಚಿಕ್ಕದಕ್ಕೆ ಐದು ವರ್ಷ.

ಮಧ್ಯಾಹ್ನದ ಊಟಕ್ಕೂ ಹೋಗದೆ ಲೈಲ್ ಮೇಜಿನ ಮುಂದೆ ನಿಂತು ಕಥೆ ಹೇಳಿದರು. ಮೂರು ವರ್ಷದಿಂದ ಅವರು ಹೊಸ ಪ್ರೊಸೆಸರ್ ಕೊಳ್ಳಬೇಕೆಂದಿದ್ದಾರೆ. ಮೊದಲ ವರ್ಷ ಕೊಳ್ಳಲು ಹೊರಟಾಗ ಆರು ತಿಂಗಳಿಗೆ ಇನ್ನೊಂದು ಬರುತ್ತದೆಂದು ಓದಿದರು, ಕಾದರು. ಅದು ಬಂದಾಗ, ಇದು ಹೆಸರಿಗೆ ಹೊಸದು, ನಿಜವಾದ ಬದಲಾವಣೆ ಮುಂದಿನದರಲ್ಲಿ ಎಂದು ಬಲ್ಲವರು ಬರೆದರು. ಮತ್ತೆ ಕಾದರು. ಮೂರನೆಯ ವರ್ಷ ಬೆಲೆ ಇಳಿಯಲೆಂದು ಕಾದರು. ಈಗ ಊರವರು ಅಗ್ನಿಶಾಮಕ ಠಾಣೆಯಲ್ಲಿ ಪ್ಯಾನ್‌ಕೇಕ್ ಸುಟ್ಟು ಮಾರಿ ದುಡ್ಡು ಒಟ್ಟು ಮಾಡಿ ಕೊಟ್ಟಿದ್ದಾರೆ. ಅದು ಒಂದು ಸಲಕ್ಕೆ ಮಾತ್ರ ಸಾಲುತ್ತದೆ.

"ಈಗ ಇರೋದನ್ನ ತಗೊಂಡ್ರೆ ಐದರ ಒಳಗೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ," ಎಂದರು. "ಫೆಬ್ರವರಿವರೆಗೆ ಕಾದ್ರೆ ಬಸ್ಸಿರಲ್ಲ. ನೀನೇ ಹೇಳು. ಕಾಯ್ಲಾ, ಕೊಳ್ಳಲಾ?"

"ಆ ಡಬ್ಬ ಬಿಚ್ಚಿ ನೋಡೋಕೆ ಯಾರಿಗಾದ್ರೂ ಕೊಟ್ಟಿದ್ರಾ?"

"ಯಾಕ್ ಕೊಡ್ಲಿ? ನಾನೇ ಕೈಯಾರೆ ಜೋಡಿಸಿದ್ದು."

"ಹಂಗಾದ್ರೆ ಒಂದು ರಾತ್ರಿ ಅದರ ಪಕ್ಕ ಕೂರ್ತೀನಿ. ಆಮೇಲೆ ಹೇಳ್ತೀನಿ."

ಶನಿವಾರ ರಾತ್ರಿ ಅಂಕಿಗಳೇ ಸರಿಯಾಗಿ ಬರಲಿಲ್ಲ. ಉಳಿದದ್ದು ಭಾನುವಾರದ ರಾತ್ರಿ. ಡೋರೀನ್ ಕುರ್ಚಿ ಹಾಕಿಕೊಂಡು ಕೂತದ್ದು ಆ ರಾತ್ರಿಯೇ.

ಮೇಷ್ಟ್ರು ಮೇಲೆ ಹೋದ ಮೇಲೆ ಅವರು ಎದ್ದು ಯಂತ್ರದ ಹಿಂಭಾಗಕ್ಕೆ ಅಂಗೈ ಹಿಡಿಯುತ್ತಾರೆ. ಹಿಡಿದ ಕೈಯನ್ನು ತೆಗೆಯುವುದಿಲ್ಲ. ಮತ್ತೆ ಪರದೆ ನೋಡುತ್ತಾರೆ. ಒಳಗೆ ನೂರು ಡಿಗ್ರಿ. ಫ್ಯಾನು ಅರಚುತ್ತಿದೆ. ಅಂಗೈಗೆ ತಾಗುವ ಗಾಳಿ ಮಾತ್ರ ಯಾರೋ ಉಸಿರು ಬಿಟ್ಟಷ್ಟು ಬೆಚ್ಚಗೆ, ಅಷ್ಟೇ.

ಅಷ್ಟು ಬಿಸಿ ಹುಟ್ಟಿದ್ದರೆ ಅದು ಹೊರಗೆ ಬರಬೇಕು. ಬರುತ್ತಿಲ್ಲವೆಂದರೆ ಒಳಗೇ ಎಲ್ಲೋ ತಡೆದಿದೆ. ಬಿಸಿ ತಡೆಯಲಾರದೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಧಾನವಾಗಿ ನಡೆಯುತ್ತಿದೆ. ಬಹುಶಃ ಮೂರು ವರ್ಷದಿಂದಲೂ.

ಈಗ ಬಿಚ್ಚಬೇಕೆಂದರೆ ಲೆಕ್ಕವನ್ನು ನಡುವೆಯೇ ನಿಲ್ಲಿಸಬೇಕು. ನಿಲ್ಲಿಸಿದರೆ ಆಗಿರುವಷ್ಟೂ ಹೋಯಿತು, ಮತ್ತೆ ಮೊದಲಿನಿಂದ. ಊಹೆ ಸುಳ್ಳಾದರೆ, ಒಂದು ಸ್ಕ್ರೂ ಜಾರಿ ಒಳಗೆ ಬಿದ್ದರೆ, ಯಂತ್ರ ಮತ್ತೆ ಏಳದಿದ್ದರೆ, ಮಂಗಳವಾರ ಮಂಡಳಿಯ ಮುಂದಿಡಲು ತಡವಾದ ನಕ್ಷೆಯೂ ಇರುವುದಿಲ್ಲ. ಮೇಲೆ ಹೋಗಿ ಮೇಷ್ಟ್ರನ್ನು ಎಬ್ಬಿಸಿ ಕೇಳಬಹುದು. ಕೇಳಿದರೆ ಬೇಡ ಎನ್ನುತ್ತಾರೆ ಎಂಬುದು ಗೊತ್ತು. ಡೋರೀನ್ ಮೆಟ್ಟಿಲ ಕಡೆ ಒಮ್ಮೆ ನೋಡುತ್ತಾರೆ. ಬೆರಳಿನ ಟೇಪುಗಳನ್ನು ಒಂದೊಂದಾಗಿ ಸುಲಿದು ಹಾಕುತ್ತಾರೆ. ಹನ್ನೆರಡೂ ಮೂವತ್ತೈದಕ್ಕೆ ಯಂತ್ರವನ್ನು ಆರಿಸುತ್ತಾರೆ.

ಪ್ರೊಸೆಸರಿನ ಮೇಲೆ ತಾಮ್ರದ ತಳವಿರುವ ಒಂದು ದೊಡ್ಡ ಲೋಹದ ಗಟ್ಟಿ ಕೂತಿರುತ್ತದೆ. ಬಿಸಿಯನ್ನು ಹೀರಿ ಫ್ಯಾನಿಗೆ ದಾಟಿಸುವುದು ಅದರ ಕೆಲಸ. ನಾಲ್ಕು ಸ್ಕ್ರೂ ಬಿಚ್ಚಿ, ಅತ್ತಿತ್ತ ತಿರುಚಿ ಎತ್ತಿ, ಮಗುಚಿ, ದೀಪದ ಕೆಳಗೆ ಹಿಡಿಯುತ್ತಾರೆ. ತಾಮ್ರದ ಮೇಲೆ ತೆಳ್ಳನೆಯ ಒಂದು ಪ್ಲಾಸ್ಟಿಕ್ ಹಾಳೆ. ಕಾರ್ಖಾನೆಯಿಂದ ಬರುವಾಗ ಗೀರು ಬೀಳದಿರಲೆಂದು ಅಂಟಿಸಿರುವುದು. ಕೂರಿಸುವ ಮೊದಲು ಇದನ್ನು ಸುಲಿದು ತೆಗೆಯಿರಿ ಎಂದು ಅದರ ಮೇಲೆ ಕೆಂಪಗೆ ಅಚ್ಚಾಗಿದೆ.

ಡೋರೀನ್ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಮೂವತ್ತೆಂಟು ವರ್ಷ ಈ ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಿದವರು ಲೈಲ್. ಬಿಸಿನೀರಿನ ಲೋಟದಲ್ಲಿ ಒಂದು ಸ್ಟೀಲ್ ಚಮಚ, ಒಂದು ಪ್ಲಾಸ್ಟಿಕ್ ಚಮಚ ನಿಲ್ಲಿಸಿ, ಎರಡರ ತುದಿಗೂ ಬೆಣ್ಣೆಯಿಂದ ಬಟಾಣಿ ಕಾಳು ಅಂಟಿಸಿ, ಯಾವುದು ಮೊದಲು ಬೀಳುತ್ತದೆ ಹೇಳಿ ಎಂದು ಪ್ರತಿ ವರ್ಷ ಕೇಳುತ್ತಿದ್ದರು. ಲೋಹದಲ್ಲಿ ಬಿಸಿ ಓಡುತ್ತದೆ, ಪ್ಲಾಸ್ಟಿಕ್ಕಿನಲ್ಲಿ ನಿಲ್ಲುತ್ತದೆ. ಊರಿನ ಅರ್ಧದಷ್ಟು ಜನ ಆ ಬಟಾಣಿ ಬೀಳುವುದನ್ನು ನೋಡಿದವರು. ಡೋರೀನ್ ಕೂಡ ಮೂರನೆಯ ಬೆಂಚಿನಲ್ಲಿ ಕೂತು ನೋಡಿದ್ದಾರೆ. ಹೀಗಿರುವ ಮೇಷ್ಟ್ರು ಪರದೆಯ ಮೇಲೆ ನೂರು ಡಿಗ್ರಿ ಕಂಡಾಗಲೆಲ್ಲ ಬಲ್ಲವರ ಬರಹ ಓದಿ, ಈ ತಲೆಮಾರೇ ಬಿಸಿ ಜಾತಿ ಎಂದು ನಂಬಿ, ಮುಂದಿನ ತಲೆಮಾರಿಗೆ ಕಾಯುತ್ತ ಬಂದಿದ್ದಾರೆ.

(ಈ ವಿವರ ಬರೆಯಲು ಡೋರೀನ್ ಎರಡು ಷರತ್ತು ಹಾಕಿದ್ದಾರೆ. ಊರಿನ ಮತ್ತು ಜನರ ಹೆಸರು ಬದಲಿಸಬೇಕು, ಆ ಕಣಿವೆಯಲ್ಲಿ ಯಾರೂ ಓದಲಾರದ ಭಾಷೆಯಲ್ಲೇ ಬರಬೇಕು. ಎರಡನ್ನೂ ಪಾಲಿಸಲಾಗಿದೆ.)

ಹಾಳೆಯನ್ನು ಸುಲಿದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ತಾಮ್ರವನ್ನು ಒರೆಸಿ, ಬಿಸಿ ದಾಟಿಸುವ ಬೂದುಬಣ್ಣದ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಚ್ಚಿ, ಗಟ್ಟಿಯನ್ನು ಮತ್ತೆ ಕೂರಿಸುತ್ತಾರೆ. ಸೀಳಿದ ಬೆರಳುಗಳಿಗೆ ಪೇಸ್ಟು ತಾಗಿ ಉರಿಯುತ್ತದೆ. ಒಂದೂ ಇಪ್ಪತ್ತಕ್ಕೆ ಗುಂಡಿ ಒತ್ತುತ್ತಾರೆ. ಮೊದಲ ಸಲ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹತ್ತು ಸೆಕೆಂಡು. ಇಪ್ಪತ್ತು. ಆಮೇಲೆ ಬೆಳಕು.

ಈ ಸಲ ಫ್ಯಾನು ಅರಚುವುದಿಲ್ಲ. ಶಾಖ ಎಪ್ಪತ್ತೊಂದಕ್ಕೆ ಬಂದು ನಿಲ್ಲುತ್ತದೆ. ಹಿಂದೆ ಅಂಗೈ ಹಿಡಿದರೆ, ಒಲೆಯ ಮುಂದೆ ಹಿಡಿದ ಹಾಗೆ ಬಿಸಿಗಾಳಿ ರಪ್ಪನೆ ಬಡಿಯುತ್ತದೆ. ಮುಂದಿನ ಮೂರೂವರೆ ಗಂಟೆ ಅವರು ಕುರ್ಚಿಯಲ್ಲಿ ಒರಗುವುದಿಲ್ಲ, ಎದ್ದು ನೀರೂ ಕುಡಿಯುವುದಿಲ್ಲ. ನಾಲ್ಕೂ ಐವತ್ತನಾಲ್ಕಕ್ಕೆ ನಕ್ಷೆ ಮುಗಿಯುತ್ತದೆ. ಎಪ್ಪತ್ತು ನಿಮಿಷ ಕಳೆದುಕೊಂಡೂ ಐದಕ್ಕೆ ಆರು ನಿಮಿಷ ಮುಂಚೆ.

"ಎದ್ದಿದ್ದೀಯಾ?" ಎಂದು ಡ್ವೇನ್‌ಗೆ ಫೋನು.

"ಲಾರೀಲೇ ಕೂತಿದೀನಿ. ಏನು, ಮೇಷ್ಟ್ರ ಡಬ್ಬ ಸುಟ್ಟೋಯ್ತಾ?"

"ನಕ್ಷೆ ಕಳ್ಸಿದೀನಿ, ನೋಡು."

ಲಾರಿಯ ಎಂಜಿನ್ ಸದ್ದಿನ ನಡುವೆ ಡ್ವೇನ್ ನಕ್ಷೆ ತೆರೆದು ನೋಡುತ್ತಾರೆ. "ಡೋರೀನ್, ಇದು ಇವತ್ತಿಂದಾ? ನಿನ್ನೇದಲ್ಲ ತಾನೇ?"

"ತಾರೀಖು ಓದೋಕೆ ಬರುತ್ತಲ್ಲ ನಿಂಗೆ?"

"ಅಯ್ಯೋ ದೇವ್ರೇ. ಮೇಲೆ ಎಂಟಿಂಚು ಅಂತಿದೆ. ಇಲ್ಲಿ ನೋಡಿದ್ರೆ ಆಕಾಶದ ತುಂಬ ನಕ್ಷತ್ರ."

"ಏನ್ ಮಾಡ್ತೀಯ?"

"ಮೇಲಕ್ಕೇ ಹೋಗ್ತೀನಿ ಕಣೇ, ಇನ್ನೇನು!"

ಆರನೇ ಮೈಲಿಯವರೆಗೆ ರಸ್ತೆ ಒಣಗಿತ್ತು, ವಾಪಸು ತಿರುಗಿಸಲೇ ಎಂದುಕೊಳ್ಳುತ್ತಲೇ ಓಡಿಸಿದೆ ಎಂದು ಡ್ವೇನ್ ನೆನೆಯುತ್ತಾರೆ. ಏಳನೇ ಮೈಲಿಯ ತಿರುವಿನಲ್ಲಿ ಹಿಮದ ಗೋಡೆ ಎದುರಾಯಿತು. ಮಾತಿಗೆ ತಪ್ಪದೆ ಎಂಟಿಂಚು. ಶಾಲೆಯ ಬಸ್ಸು ಹನ್ನೊಂದು ಮಕ್ಕಳೊಂದಿಗೆ, ಎರಡೂ ಬದಿಗೆ ಗುಡ್ಡೆ ಹಾಕಿದ ಹಿಮದ ನಡುವೆ, ಎಂದಿನ ಹೊತ್ತಿಗಿಂತ ಎಂಟು ನಿಮಿಷ ಮುಂಚೆಯೇ ಊರಿಗೆ ಇಳಿಯಿತು.

ಮಂಗಳವಾರ ಮಂಡಳಿಯ ಸಭೆ ಹನ್ನೆರಡೇ ನಿಮಿಷದಲ್ಲಿ ಮುಗಿಯಿತು. ಬಸ್ಸು ಉಳಿಯಿತು. ಲೈಲ್‌ಗೆ ಡೋರೀನ್ ಕೊಟ್ಟ ಉತ್ತರ ಇಷ್ಟು: "ಕಾಯೋದೂ ಬೇಡ, ಕೊಳ್ಳೋದೂ ಬೇಡ. ಆ ದುಡ್ಡಲ್ಲಿ ಒಂದು ದೊಡ್ಡ ಬ್ಯಾಟರಿ ತಗೊಳ್ಳಿ. ಬಿರುಗಾಳಿ ರಾತ್ರಿ ಕರೆಂಟು ಹೋದ್ರೆ ಯಾವ ಚಿಪ್ಪಿದ್ದರೇನು?" ಬ್ಯಾಟರಿ ಬಂತು. ಅಲ್ಲಿಂದ ಮಾರ್ಚ್ ಕೊನೆಯವರೆಗೆ ತೊಂಬತ್ತೊಂದು ಬೆಳಿಗ್ಗೆ ನಕ್ಷೆ ನಾಲ್ಕು ಗಂಟೆಯ ಒಳಗೇ ಬಂದಿದೆ. ಬಸ್ಸು ಒಂದು ದಿನವೂ ನಿಂತಿಲ್ಲ. ಫೆಬ್ರವರಿಯ ಹೊಸ ಪ್ರೊಸೆಸರ್ ಜೂನಿಗೆ ಮುಂದೆ ಹೋಗಿದೆ.

ಆ ಮಂಗಳವಾರ ಸಭೆ ಮುಗಿದ ಮೇಲೆ ಎಲ್ಲರೂ ಊರಿನ ಕಾಫಿ ಹೋಟೆಲಿಗೆ ಬಂದರು. ಲೈಲ್ ಒಳಗೆ ಕಾಲಿಟ್ಟ ಕೂಡಲೇ ಅಡುಗೆಯವರೂ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಯಾರೋ ಮೇಜು ಬಡಿದರು. ಬಸ್ಸಿನ ಮಕ್ಕಳಲ್ಲಿ ಒಬ್ಬಳ ತಾಯಿ ಮೇಷ್ಟ್ರ ಟೋಪಿ ತೆಗೆದು ಬೋಳು ನೆತ್ತಿಗೆ ಮುತ್ತು ಕೊಟ್ಟಳು.

ಡ್ವೇನ್ ತಟ್ಟೆ ಎತ್ತಿಕೊಂಡು ಡೋರೀನ್ ಪಕ್ಕ ಬಂದು ಕೂತರು. "ಈಗ ನಿಜ ಹೇಳು. ಫೆಬ್ರವರಿ ಮಾಲು ಎಲ್ಲಿಂದ ಕದ್ದು ತಂದೆ?"

"ಕ್ಲೀನ್ ಮಾಡ್ದೆ."

"ಕ್ಲೀನ್ ಮಾಡಿದ್ರೆ ಎರಡೂವರೆ ಗಂಟೆ ಉಳಿಯುತ್ತಾ? ಹಂಗಿದ್ರೆ ನನ್ನ ಲಾರೀನೂ ಕ್ಲೀನ್ ಮಾಡು, ವಿಮಾನ ಆಗ್ಲಿ."

ಅತ್ತ ಲೈಲ್ ಎದ್ದು ನಿಂತು, ಎರಡು ಕೈಯಲ್ಲೂ ಗಾಳಿಯಲ್ಲಿ ಚಿತ್ರ ಬರೆಯುತ್ತ, ತಮ್ಮ ಹಳೆಯ ಶಿಷ್ಯರಿಗೆಲ್ಲ ವಿವರಿಸುತ್ತಿದ್ದರು. "ನಾನೇ ಜೋಡಿಸಿದ್ದು! ಒಂದೊಂದು ತುಂಡೂ ಈ ಕೈಯಿಂದ! ಮೂರು ವರ್ಷ ಅದು ಮುದಿ ಡಬ್ಬ, ಎಸೀರಿ ಅಂದ್ರಲ್ಲ, ಈಗ ಏನಂತೀರಿ?" ಅವರ ಕಿವಿಗಳು ಕೆಂಪಾಗಿದ್ದವು. ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಊರು ಕೇಳಿ ಬಹಳ ವರ್ಷವಾಗಿತ್ತು. ನಡುವೆ ನಿಲ್ಲಿಸಿ, ಇಡೀ ಹೋಟೆಲು ದಾಟುವ ದನಿಯಲ್ಲಿ ಕೇಳಿದರು: "ಹುಡುಗಿ, ಏನು ಕೆಟ್ಟಿತ್ತು ಅದರಲ್ಲಿ? ನನಗಿನ್ನೂ ಹೇಳಿಲ್ಲ ನೀನು."

ಎಲ್ಲರೂ ಇವರ ಕಡೆ ತಿರುಗಿದರು. ಡೋರೀನ್ ಕೋಟಿನ ಜೇಬಿನೊಳಗೆ ಕೈ ಇಟ್ಟುಕೊಂಡಿದ್ದರು. ಹಾಳೆ ಅಲ್ಲೇ ಇತ್ತು. ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಕೆಂಪಕ್ಷರ ಯಾರು ಬೇಕಾದರೂ ಓದಬಹುದು. ಡ್ವೇನ್ ಅದನ್ನು ವಸಂತ ಬರುವವರೆಗೆ ಹೇಳಿಕೊಂಡು ನಗುತ್ತಿದ್ದರು, ಆಮೇಲೆ ಇಡೀ ಊರು ಇನ್ನೊಂದು ಹತ್ತು ವರ್ಷ ನಗುತ್ತಿತ್ತು. ತಾನು ಏನು ಮಾಡಿದೆ ಎಂಬುದೂ ಎಲ್ಲರಿಗೂ ತಿಳಿಯುತ್ತಿತ್ತು.

"ಏನೂ ಕೆಟ್ಟಿರ್ಲಿಲ್ಲ ಮೇಷ್ಟ್ರೇ," ಎಂದರು ಡೋರೀನ್. "ಯಂತ್ರ ಭಾರಿ ಚೆನ್ನಾಗಿತ್ತು. ಒರೆಸಿ ಕೊಟ್ಟೆ, ಅಷ್ಟೇ."

ಮತ್ತೆ ಚಪ್ಪಾಳೆ ಬಿತ್ತು, ಮೇಷ್ಟ್ರಿಗೆ. ಡೋರೀನ್ ಕೂಡ ತಟ್ಟಿದರು. ಆಮೇಲೆ ಜೇಬಿನಲ್ಲಿದ್ದುದನ್ನು ಮುದ್ದೆ ಮಾಡಿ ಮೇಜಿನ ಪಕ್ಕದ ಕಸದ ಬುಟ್ಟಿಗೆ ಹಾಕಿ, ಅದರ ಮೇಲೆ ಕಾಫಿಯ ಚರಟ ಸುರಿದರು. ಊರಿನಲ್ಲಿ ಇದನ್ನು ಯಾರಿಗೂ ಹೇಳುವುದಿಲ್ಲ, ಮೇಷ್ಟ್ರಿಗಂತೂ ಎಂದಿಗೂ ಇಲ್ಲ ಎಂದು ಅವರು ತೀರ್ಮಾನಿಸಿದ್ದು ಆಗಲೇ.